ಮೀನಿಗೆ ಮೃಷ್ಟಾನ್ನ, ಸೊಳ್ಳೆಗೆ ಉಪವಾಸ

ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನುಗಳನ್ನು ಸಾಕುವುದು ಅತ್ಯಂತ ನಿರಪಾಯವಾದ ಹವ್ಯಾಸವೆಂದು ಎಲ್ಲರೂ ನಂಬಿದ್ದಾರೆ. ಮೀನು ಬೊಗಳುವುದಿಲ್ಲ, ಬಂದವರ ಮೈಮೇಲೆ ಹಾರುವುದಿಲ್ಲ, ನೆರೆಯವರ ತುಳಸೀ ಗಿಡವನ್ನು ಮೇಯುವುದಿಲ್ಲ. ದಿನದ ಕೆಲಸ ಮುಗಿಸಿ ದಣಿದು ಬಂದ ಯಜಮಾನನಿಗೂ, ಪಾಠ ಮುಗಿಸಿದ ಮಕ್ಕಳಿಗೂ ಅರ್ಧಗಂಟೆಯ ನೆಮ್ಮದಿಯನ್ನು ಕೊಡಬಲ್ಲ ಸಾಧು ಪ್ರಾಣಿ ಅದು. ಆದರೆ ಈ ಸಾಧುವಿನ ಊಟದ ಏರ್ಪಾಡಿನಲ್ಲಿ ತುಸು ಅಲಕ್ಷ್ಯವಾಯಿತೆಂದರೆ ಇಡೀ ಓಣಿಯ ನಿದ್ದೆಯೂ ಆರೋಗ್ಯವೂ ಕೆಡುವುದುಂಟು. ಅದು ಹೇಗೆಂಬುದನ್ನೂ, ಹಾಗಾಗದಂತೆ ಮೀನಿಗೆ ರುಚಿಯಾದ ಜೀವಂತ ಆಹಾರವನ್ನು ಮನೆಯಲ್ಲಿಯೇ ಬೆಳೆಸುವ ಬಗೆಯನ್ನೂ ಇಲ್ಲಿ ವಿವರಿಸಿದೆ.

ಅಂಗಡಿಯಲ್ಲಿ ಸಿಗುವ ಒಣ ಆಹಾರದಿಂದಲೇ ಮೀನುಗಳು ಬದುಕಬಲ್ಲವು, ನಿಜ. ಆದರೆ ಕಣ್ಣೆದುರಿಗೆ ಮಿಸುಕುವ ಬೇಟೆಯನ್ನು ಕಂಡಾಗ ಅವುಗಳಿಗೆ ಬರುವ ಹುರುಪೇ ಬೇರೆ. ಜೀವಂತ ಆಹಾರ ತಿಂದ ಮೀನಿನ ಬಣ್ಣ ಹೊಳಪೇರುತ್ತದೆ. ಅದು ಮರಿಮಾಡಲು ಅಣಿಯಾಗುತ್ತದೆ. ಮೊಟ್ಟೆಯೊಡೆದ ಎಳೆಮರಿಗಳಂತೂ ಚಲಿಸುವ ಆಹಾರವನ್ನಲ್ಲದೆ ಬೇರೆಯದನ್ನು ಆಹಾರವೆಂದು ಗುರುತಿಸುವುದೇ ಅಪರೂಪ. ಆದ್ದರಿಂದ ಈ ಹವ್ಯಾಸದಲ್ಲಿ ಸ್ವಲ್ಪ ಪಳಗಿದವರೆಲ್ಲರೂ ಜೀವಂತ ಆಹಾರವನ್ನು ಹುಡುಕತೊಡಗುತ್ತಾರೆ. ಹುಡುಕಿದವರ ಕಣ್ಣಿಗೆ ಮೊದಲು ಬೀಳುವುದೇ ಸೊಳ್ಳೆಯ ಮರಿಹುಳು. ಅದಕ್ಕೆ ಕಾಸಿನ ಖರ್ಚಿಲ್ಲ. ಹಿತ್ತಲಲ್ಲಿ ಒಂದು ಬಕೆಟ್ಟು ನೀರಿಟ್ಟರೆ ಸಾಕು, ಮೂರು ನಾಲ್ಕು ದಿನಗಳಲ್ಲಿ ತಾನಾಗಿಯೇ ಹುಟ್ಟುತ್ತದೆ. ಮೀನುಗಳಿಗೂ ಅದು ಮೃಷ್ಟಾನ್ನವೇ ಸರಿ. ಅಪಾಯವಿರುವುದೂ ಅಲ್ಲಿಯೇ.

ಒಂದು ಬಕೆಟ್ಟಿನ ಲೆಕ್ಕ

ಬೀದರ ನಗರದ ಗಾಂಧಿ ಗಂಜದಂಥ ಒಂದು ಬಡಾವಣೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅದು ದವಸಧಾನ್ಯಗಳ ಪೇಟೆ. ತೊಗರಿ, ಹೆಸರು, ಉದ್ದು, ಕಡಲೆ, ಸೋಯಾ, ಜೋಳದ ಚೀಲಗಳು, ಅಡತಿ ಅಂಗಡಿಗಳು, ಹಮಾಲರ ಓಡಾಟ, ಸುತ್ತಲೂ ಒತ್ತೊತ್ತಾಗಿ ಮನೆಗಳು. ಮಳೆಗಾಲ ಬಂದರೆ ಚೀಲಗಳ ಮೇಲೆ ಹೊದಿಸಿದ ತಾಡಪತ್ರಿಯ ಮಡಿಕೆಗಳಲ್ಲಿ ನೀರು ನಿಲ್ಲುತ್ತದೆ. ಬೇಸಗೆ ಬಂದರೆ ನಲ್ಲಿಯ ನೀರನ್ನು ಡ್ರಮ್ಮು, ಹಂಡೆ, ಕೊಡಗಳಲ್ಲಿ ತುಂಬಿಟ್ಟುಕೊಳ್ಳಬೇಕಾಗುತ್ತದೆ. ಅಂದರೆ ಮಳೆಗಾಲದಲ್ಲಿ ಬೇಡವೆಂದರೂ ನೀರು ನಿಲ್ಲುವುದು, ಬೇಸಗೆಯಲ್ಲಿ ಬೇಕೆಂದೇ ನಿಲ್ಲಿಸುವುದು. ಇಂಥ ಕಡೆ ಮೀನಿಗಾಗಿ ಇನ್ನೊಂದು ತೆರೆದ ಬಕೆಟ್ಟನ್ನಿಟ್ಟರೆ ಏನಾದೀತು?

ಡೆಂಗೆ ಮತ್ತು ಚಿಕುನ್‌ಗುನ್ಯ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ಬೇಕಾಗಿಲ್ಲ. ಮನೆಯ ತಿಳಿನೀರೇ ಅದಕ್ಕೆ ಪ್ರಿಯ. ಅದು ಕಚ್ಚುವುದೂ ಹಗಲಿನಲ್ಲಿ. ಬೆಚ್ಚಗಿನ ಹವೆಯಲ್ಲಿ ಅದರ ಮೊಟ್ಟೆ ಒಡೆದು, ಮರಿಹುಳುವಾಗಿ, ಕೋಶಾವಸ್ಥೆಯನ್ನು ದಾಟಿ, ರೆಕ್ಕೆ ಬಿಚ್ಚಿ ಹಾರಲು ಏಳರಿಂದ ಹತ್ತು ದಿನ ಸಾಕು. ಮೀನು ಸಾಕುವವರು ದಿನವೂ ತಪ್ಪದೆ ಬಕೆಟ್ಟನ್ನು ಸೋಸುತ್ತಿದ್ದರೆ ತೊಂದರೆಯಿಲ್ಲವೆಂದು ಹೇಳುವವರುಂಟು. ಆದರೆ ಮನುಷ್ಯನ ಸಂಸಾರದಲ್ಲಿ ದಿನವೂ ತಪ್ಪದೆ ನಡೆಯುವ ಕೆಲಸಗಳು ಎಷ್ಟಿವೆ? ಭಾಲ್ಕಿಯಲ್ಲಿ ಮದುವೆ, ಔರಾದಿನಲ್ಲಿ ಜಾತ್ರೆ ಎಂದು ಮನೆಮಂದಿ ಬೀಗ ಹಾಕಿಕೊಂಡು ನಾಲ್ಕು ದಿನ ಹೋಗಿಬಂದರೆ ಸಾಕು, ಮೀನಿನ ಊಟವೆಲ್ಲ ರೆಕ್ಕೆ ಕಟ್ಟಿಕೊಂಡು ಹಾರಿಹೋಗಿರುತ್ತದೆ. ಈಡಿಸ್ ಬಹುದೂರ ಹಾರುವ ಸೊಳ್ಳೆಯೂ ಅಲ್ಲ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳೊಳಗೇ ಅದರ ಸಂಚಾರ. ಹೀಗಾಗಿ ಅದರ ಕಡಿತ ಮೊದಲು ಬೀಳುವುದು ಆ ಮನೆಯ ಮಕ್ಕಳಿಗೆ, ಆಮೇಲೆ ಪಕ್ಕದ ಮನೆಯ ಮಕ್ಕಳಿಗೆ.

ಇದು ಬರಿಯ ಹೆದರಿಕೆಯ ಮಾತಲ್ಲ. 2006ರಲ್ಲಿ ಚಿಕುನ್‌ಗುನ್ಯ ನಮ್ಮ ರಾಜ್ಯವನ್ನು ಹೊಕ್ಕಾಗ ಶಂಕಿತ ರೋಗಿಗಳ ಸಂಖ್ಯೆ 7 ಲಕ್ಷವನ್ನು ದಾಟಿತು. ಆ ವರ್ಷ ದೇಶದಲ್ಲಿ ಅತಿ ಹೆಚ್ಚು ರೋಗಿಗಳಿದ್ದ ರಾಜ್ಯ ಕರ್ನಾಟಕವೇ. ಪೀಡಿತ ಜಿಲ್ಲೆಗಳಲ್ಲಿ ಬೀದರವೂ ಒಂದಾಗಿತ್ತು. ಕ್ಯೂಲೆಕ್ಸ್ ಸೊಳ್ಳೆ ಹರಡುವ ಆನೆಕಾಲು ರೋಗದ ನಿರ್ಮೂಲನಕ್ಕಾಗಿ ಊರಿಗೆ ಊರೇ ಮಾತ್ರೆ ನುಂಗಬೇಕಾಗಿ ಬಂದ ಜಿಲ್ಲೆಗಳಲ್ಲಿಯೂ ಬೀದರವಿದೆ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಮನೆಯಂಗಳದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ನಗರಗಳಲ್ಲಿ 400 ರೂಪಾಯಿ, ಹಳ್ಳಿಗಳಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ಮೀನಿಗಾಗಿ ಸಾಕಿದ್ದೆನೆಂಬ ಸಮಜಾಯಿಷಿಯನ್ನು ಕಾನೂನು ಕೇಳುವುದಿಲ್ಲ. ಜ್ವರವಂತೂ ಕೇಳುವುದೇ ಇಲ್ಲ.

ರಾಸ್ ಕಂಡ ಪೀಪಾಯಿ

ನಿಂತ ನೀರಿಗೂ ಸೊಳ್ಳೆಗೂ ಇರುವ ಈ ನಂಟನ್ನು ಕಣ್ಣಾರೆ ಕಂಡುಕೊಂಡವರ ಕಥೆಯೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾವೈದ್ಯನು ಬೆಂಗಳೂರಿನ ದಂಡಿನಲ್ಲಿ ಕೆಲಸ ಮಾಡುತ್ತಿದ್ದನು. ಅವನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಾರಣವನ್ನು ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ತುಂಬಿದ್ದುದು ಕಂಡಿತು. ಪೀಪಾಯಿಯನ್ನು ಬರಿದುಮಾಡಿದೊಡನೆ ಕಾಟವೂ ಕಡಿಮೆಯಾಯಿತು. ಮುಂದೆ ಇದೇ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡುಹಿಡಿದನು. 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆಗ ಸಿಕಂದರಾಬಾದು ನಿಜಾಮರ ರಾಜ್ಯದಲ್ಲಿತ್ತು. ಬೀದರವೂ ಅದೇ ರಾಜ್ಯದ ಊರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೂ ಹೈದರಾಬಾದಿನ ಜೊತೆಗೇ ಇದ್ದಿತು. ಹೀಗೆ ನೋಡಿದರೆ ಸೊಳ್ಳೆಯ ಗುಟ್ಟು ರಟ್ಟಾದದ್ದು ಬೀದರದ ನೆರೆಮನೆಯಲ್ಲಿಯೇ ಎನ್ನಬೇಕು.

ರಾಸ್ ಬರಿದುಮಾಡಿದ ಪೀಪಾಯಿಯನ್ನು ನಾವು ಮೀನಿನ ನೆಪದಲ್ಲಿ ಮತ್ತೆ ತುಂಬಿಡುವುದು ವಿವೇಕವಲ್ಲ. ನೀರು ತುಂಬಿದ ಕೊಡದಲ್ಲಿ ಅಕಸ್ಮಾತ್ತಾಗಿ ಕಂಡ ಮರಿಹುಳುಗಳನ್ನು ಆ ಕ್ಷಣವೇ ಸೋಸಿ ಮೀನಿಗೆ ಹಾಕುವುದು ಬೇರೆ; ಅವನ್ನು ಬೆಳೆಸುವುದಕ್ಕೆಂದೇ ಪಾತ್ರೆಯಿಡುವುದು ಬೇರೆ. ಮೊದಲನೆಯದು ಪುಣ್ಯದ ಕೆಲಸ, ಎರಡನೆಯದು ಪಾಪದ ಕೆಲಸ ಎಂದರೂ ಅತಿಶಯೋಕ್ತಿಯಲ್ಲ. ಸಂತೋಷದ ಸಂಗತಿಯೆಂದರೆ, ಮೀನಿಗೆ ಅಷ್ಟೇ ರುಚಿಸುವ, ಆದರೆ ಎಂದಿಗೂ ರೆಕ್ಕೆ ಮೂಡದ ಜೀವಿಗಳು ಹಲವಿವೆ. ಅವುಗಳನ್ನು ಬೆಳೆಸಲು ಬೇಕಾಗುವ ಸಾಮಗ್ರಿಯ ಬಹುಪಾಲು ಅಡುಗೆಮನೆಯಲ್ಲಿಯೇ ಇದೆ.

ಹಿಟ್ಟಿನಲ್ಲಿ ಬೆಳೆಯುವ ಹುಳು

ಎಲ್ಲಕ್ಕಿಂತ ಸುಲಭವಾದದ್ದು ಮೈಕ್ರೋವರ್ಮ್ ಎಂಬ ಸೂಕ್ಷ್ಮ ಹುಳು. ಉದ್ದ ಒಂದೆರಡು ಮಿಲಿಮೀಟರು. ಬಿಳಿಯ ದಾರದ ಎಳೆಯಂತೆ ಕಾಣುತ್ತದೆ. ಇದಕ್ಕೆ ನಿಂತ ನೀರೇ ಬೇಡವಾದ್ದರಿಂದ ಸೊಳ್ಳೆಯ ಪ್ರಶ್ನೆಯೇ ಏಳುವುದಿಲ್ಲ. ಗೋಧಿ, ಜೋಳ ಅಥವಾ ಓಟ್ಸ್ ಹಿಟ್ಟನ್ನು ಗಟ್ಟಿಯಾದ ಅಂಬಲಿಯಂತೆ ಬೇಯಿಸಿ, ಪೂರ್ತಿ ಆರಿದ ಮೇಲೆ ಮುಚ್ಚಳವಿರುವ ಅಗಲವಾದ ಡಬ್ಬಿಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಹರಡಬೇಕು. ಮೇಲೆ ಚಿಟಿಕೆ ಯೀಸ್ಟ್ ಉದುರಿಸಿ, ಮೀನು ಸಾಕುವ ಸ್ನೇಹಿತರಿಂದ ತಂದ ಒಂದು ಚಮಚ ಹೆಪ್ಪನ್ನು ಹಾಕಬೇಕು. ಮೊಸರಿಗೆ ಹೆಪ್ಪು ಹಾಕುವ ಗೃಹಿಣಿಯರಿಗೆ ಈ ವಿದ್ಯೆಯನ್ನು ಕಲಿಸಬೇಕಾಗಿಯೇ ಇಲ್ಲ. ಮುಚ್ಚಳದಲ್ಲಿ ಒಂದು ತೂತು ಕೊರೆದು ಹತ್ತಿಯನ್ನು ತುರುಕಿದರೆ ಗಾಳಿಯಾಡುತ್ತದೆ, ಹಣ್ಣಿನ ನೊಣ ನುಸುಳುವುದಿಲ್ಲ.

ನಾಲ್ಕೈದು ದಿನಗಳಲ್ಲಿ ಹುಳುಗಳು ಡಬ್ಬಿಯ ಗೋಡೆಯನ್ನು ಹತ್ತತೊಡಗುತ್ತವೆ. ಬೆರಳಿನಿಂದಲೋ ಕುಂಚದಿಂದಲೋ ಅವನ್ನು ಸವರಿ ತೆಗೆದು, ಲೋಟದ ನೀರಿನಲ್ಲಿ ಅದ್ದಿ ತೊಳೆದು ಮೀನಿನ ಮರಿಗಳಿಗೆ ಹಾಕಬಹುದು. ಎರಡು ಮೂರು ವಾರಗಳಲ್ಲಿ ಹಿಟ್ಟು ನೀರಾಗಿ ಹುಳಿವಾಸನೆ ಬರುತ್ತದೆ. ಅಷ್ಟರೊಳಗೆ ಅದರಿಂದಲೇ ಒಂದು ಚಮಚ ತೆಗೆದು ಹೊಸ ಡಬ್ಬಿಗೆ ಹೆಪ್ಪು ಹಾಕಿದರೆ ಸಂತಾನ ಮುಂದುವರಿಯುತ್ತದೆ. ಎರಡು ಡಬ್ಬಿಗಳನ್ನು ಒಂದು ವಾರದ ಅಂತರದಲ್ಲಿ ಆರಂಭಿಸುವುದು ಜಾಣತನ. ಒಂದು ಕೆಟ್ಟರೂ ಇನ್ನೊಂದು ಉಳಿದಿರುತ್ತದೆ.

ದೊಡ್ಡ ಮೀನುಗಳಿಗೆ ಈ ಹುಳು ತೀರ ಸಣ್ಣದು. ಅವುಗಳಿಗೆ ಗ್ರಿಂಡಾಲ್ ಹುಳು ತಕ್ಕದ್ದು. ಸ್ವೀಡನ್ನಿನ ಒಬ್ಬ ಮಹಿಳೆಯ ಹೆಸರು ಇದಕ್ಕೆ ಬಂದಿದೆ. ಸುಮಾರು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ ಬೆಳೆಯುವ ಈ ಬಿಳಿಯ ಹುಳು ಎರೆಹುಳುವಿನ ದೂರದ ನೆಂಟ. ತೆಂಗಿನ ನಾರಿನ ಪುಡಿಯನ್ನು ತೊಳೆದು, ಹಿಂಡಿದ ಬಟ್ಟೆಯಷ್ಟು ಮಾತ್ರ ಒದ್ದೆಯಿರುವಂತೆ ಡಬ್ಬಿಯಲ್ಲಿ ತುಂಬಿ, ಮೇಲೆ ಬೇಯಿಸಿದ ಓಟ್ಸ್ ಒಂದಿಷ್ಟಿಟ್ಟು ಮುಚ್ಚಿದರೆ ಅಲ್ಲಿಯೇ ಬೆಳೆಯುತ್ತದೆ. ಬೀದರದ ಬೇಸಗೆಯಲ್ಲಿ ಡಬ್ಬಿಯನ್ನು ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿಡಬೇಕು. ಬಿಸಿಲು ಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಸತ್ತುಹೋಗುತ್ತವೆ. ಈ ಎರಡೂ ಬಗೆಯ ಹುಳುಗಳಲ್ಲಿ ಕೊಬ್ಬು ಹೆಚ್ಚು. ಆದ್ದರಿಂದ ಅವನ್ನೇ ನಿತ್ಯದ ಊಟವಾಗಿಸದೆ ವಾರಕ್ಕೆ ಎರಡು ಮೂರು ಸಲ ಕೊಡುವುದು ಒಳ್ಳೆಯದು.

ಗಂಜದ ಸುತ್ತಮುತ್ತಲಿನವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಕೆಲವರು ಮೀಲ್‌ವರ್ಮ್ ಎಂಬ ಹಿಟ್ಟಿನ ದಪ್ಪ ಹುಳುವನ್ನು ಸಾಕುವುದುಂಟು. ಅದು ದುಂಬಿಯ ಮರಿ. ಕೂಡಿಟ್ಟ ಹಿಟ್ಟು ದವಸಗಳಿಗೆ ಪಿಡುಗು. ನುಸಿಯೊಡನೆ ಹೋರಾಡುವುದೇ ಬದುಕಾಗಿರುವ ದವಸದ ಪೇಟೆಯಲ್ಲಿ ಅದನ್ನು ಬೆಳೆಸುವುದು, ಸೊಳ್ಳೆಯನ್ನು ತಪ್ಪಿಸಲು ಹೋಗಿ ಕಳ್ಳನಿಗೆ ಬಾಗಿಲು ತೆರೆದಂತಾದೀತು.

ಉಪ್ಪುನೀರಿನ ಸಿಗಡಿಮರಿ

ಎಳೆಮರಿಗಳಿಗೆ ಸರ್ವಶ್ರೇಷ್ಠ ಆಹಾರವೆಂದು ಹೆಸರಾದುದು ಆರ್ಟೀಮಿಯ. ಇದು ಉಪ್ಪಿನ ಸರೋವರಗಳಲ್ಲಿ ಬಾಳುವ ಪುಟ್ಟ ಸಿಗಡಿಯ ಜಾತಿ. ಅಮೆರಿಕದ ಮಹಾ ಉಪ್ಪು ಸರೋವರದಿಂದ ಇದರ ಒಣಗಿದ ಮೊಟ್ಟೆಗಳು ಜಗತ್ತಿಗೆಲ್ಲ ರವಾನೆಯಾಗುತ್ತವೆ. ನಮ್ಮ ರಾಜಸ್ಥಾನದ ಸಾಂಭರ ಸರೋವರದಲ್ಲಿಯೂ ಈ ಜೀವಿ ಉಂಟು. ಒಣಗಿದ ಮೊಟ್ಟೆ ವರ್ಷಗಟ್ಟಲೆ ನಿದ್ರಿಸಿದ್ದು, ಉಪ್ಪುನೀರು ತಾಗಿದೊಡನೆ ಎಚ್ಚರಗೊಳ್ಳುವುದು ಸೃಷ್ಟಿಯ ಒಂದು ವಿಸ್ಮಯ.

ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪನ್ನು ಕರಗಿಸಿ, ಕಾಲು ಚಮಚ ಮೊಟ್ಟೆಯನ್ನು ಹಾಕಿ, ಗಾಳಿಯ ಪಂಪಿನಿಂದ ಗುಳ್ಳೆಗಳನ್ನು ಬಿಡುತ್ತ, ದೀಪದ ಬೆಳಕಿನಲ್ಲಿಟ್ಟರೆ 24ರಿಂದ 36 ಗಂಟೆಗಳಲ್ಲಿ ಕಿತ್ತಳೆಯ ಬಣ್ಣದ ಮರಿಗಳು ಹೊರಬರುತ್ತವೆ. ನೀರಿನ ಶಾಖ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಗಾಳಿಯನ್ನು ಹತ್ತು ನಿಮಿಷ ನಿಲ್ಲಿಸಿದರೆ ಖಾಲಿ ಚಿಪ್ಪುಗಳು ತೇಲುತ್ತವೆ, ಒಡೆಯದ ಮೊಟ್ಟೆಗಳು ತಳ ಸೇರುತ್ತವೆ, ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ. ಸಣ್ಣ ಕೊಳವೆಯಿಂದ ಮರಿಗಳನ್ನು ಮಾತ್ರ ಹೀರಿ ತೆಗೆದು, ನವಿರಾದ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಮೀನಿಗೆ ಕೊಡಬೇಕು. ಕೆಲಸ ಒಂದೂವರೆ ದಿನದಲ್ಲಿ ಮುಗಿದು ಪಾತ್ರೆ ಬರಿದಾಗುವುದರಿಂದ ಸೊಳ್ಳೆ ಹುಟ್ಟಲು ಅಲ್ಲಿ ಕಾಲಾವಕಾಶವೇ ಇಲ್ಲ.

ನೀರುಚಿಗಟ ಮತ್ತು ಮಲ್ ಬಟ್ಟೆ

ಇನ್ನುಳಿದದ್ದು ನೀರುಚಿಗಟ. ಹೆಸರು ಚಿಗಟವಾದರೂ ಇದು ಕಚ್ಚುವ ಪ್ರಾಣಿಯಲ್ಲ. ಇದೂ ಸಿಗಡಿಯ ಬಳಗದ್ದೇ. ಇದರಲ್ಲಿ ಡ್ಯಾಫ್ನಿಯ, ಮೊಯಿನ ಎಂಬ ಎರಡು ಬಗೆಗಳು ಪ್ರಸಿದ್ಧ. ನಮ್ಮ ಸೆಕೆಯನ್ನು ಚೆನ್ನಾಗಿ ತಾಳಬಲ್ಲದ್ದು ಮೊಯಿನ. ಹೆಣ್ಣು ಗಂಡಿನ ನೆರವಿಲ್ಲದೆಯೇ ಮರಿಮಾಡುತ್ತದೆ. ಹುಟ್ಟಿದ ಮರಿ ನಾಲ್ಕೈದು ದಿನಗಳಲ್ಲಿ ತಾನೂ ತಾಯಿಯಾಗುತ್ತದೆ. ಒಂದು ಟಬ್ಬು ತುಂಬಲು ಎರಡು ವಾರ ಸಾಕು. ಪಾಚಿಯಿಂದ ಹಸಿರಾದ ನೀರು ಅದಕ್ಕೆ ಆಹಾರ. ಅದಿಲ್ಲದಾಗ ನೀರಿನಲ್ಲಿ ಕದಡಿದ ಚಿಟಿಕೆ ಯೀಸ್ಟೂ ಆದೀತು. ನೀರು ತುಸು ಮಬ್ಬಾಗುವಷ್ಟು ಮಾತ್ರ ಹಾಕಬೇಕು. ಅದು ಮತ್ತೆ ತಿಳಿಯಾದ ಮೇಲೆಯೇ ಮುಂದಿನ ಚಿಟಿಕೆ. ಹೆಚ್ಚಾದರೆ ನೀರು ನಾತ ಹಿಡಿದು ಎಲ್ಲವೂ ನಾಶವಾಗುತ್ತದೆ. ದಿನಕ್ಕೆ ನಾಲ್ಕನೆಯ ಒಂದು ಭಾಗವನ್ನು ಸೋಸಿ ತೆಗೆಯುತ್ತಿದ್ದರೆ ಟಬ್ಬು ಬರಿದಾಗುವುದಿಲ್ಲ.

ಆದರೆ ಇಲ್ಲಿ ನಿಂತ ನೀರು ಬಂದೇ ಬಂದಿತು. ನೀರುಚಿಗಟವನ್ನು ಸಾಕುವ ತೊಟ್ಟಿಗಳೇ ಎಷ್ಟೋ ಕಡೆ ಸೊಳ್ಳೆಯ ತೊಟ್ಟಿಲುಗಳಾಗುತ್ತವೆ. ಅದನ್ನು ತಪ್ಪಿಸುವ ಉಪಾಯ ಬಹಳ ಹಳೆಯದು, ಬಹಳ ಅಗ್ಗದ್ದು: ಬಾಯಿಗೆ ಬಟ್ಟೆ ಕಟ್ಟುವುದು. ತೆಳುವಾದ ಮಲ್ ಬಟ್ಟೆಯಲ್ಲಿ ಬೆಳಕೂ ಗಾಳಿಯೂ ಹಾಯುತ್ತವೆ, ಸೊಳ್ಳೆ ಹಾಯಲಾರದು. ಬಟ್ಟೆಯನ್ನು ಡೋಲಿನ ಚರ್ಮದಂತೆ ಬಿಗಿಯಾಗಿ ಎಳೆದು ಲಾಡಿಯಿಂದ ಸುತ್ತಲೂ ಕಟ್ಟಬೇಕು. ಅದು ಜೋತು ನೀರಿಗೆ ತಾಗಿದರೆ ಸೊಳ್ಳೆ ಒದ್ದೆ ಬಟ್ಟೆಯ ಮೇಲೆಯೇ ಮೊಟ್ಟೆಯಿಟ್ಟೀತು. ಆದ್ದರಿಂದ ನೀರಿಗೂ ಬಟ್ಟೆಗೂ ನಾಲ್ಕು ಬೆರಳಿನ ಅಂತರವಿರಲಿ. ನೀರನ್ನು ಹಸಿರಾಗಿಸಲು ಬಿಸಿಲಿನಲ್ಲಿಡುವ ಬಾಟಲಿಗಳಿಗೂ ಇದೇ ನಿಯಮ. ಒಂದು ವೇಳೆ ತಂದ ನೀರಿನಲ್ಲಿಯೇ ಸೊಳ್ಳೆಯ ಮೊಟ್ಟೆಗಳಿದ್ದರೂ, ಹುಟ್ಟಿದ ಸೊಳ್ಳೆ ಬಟ್ಟೆಯ ಕೆಳಗೆ ಸೆರೆಯಾಗಿ ನಮ್ಮ ಕಣ್ಣಿಗೆ ಬೀಳುತ್ತದೆ.

ಕಂಡದ್ದು ಮರಿಹುಳುವೋ ನೀರುಚಿಗಟವೋ ಎಂದು ಮಕ್ಕಳೂ ಗುರುತಿಸಬಹುದು. ನೀರುಚಿಗಟ ಚುಕ್ಕಿಯಂತಿದ್ದು ಕುಪ್ಪಳಿಸುತ್ತ ಸಾಗುತ್ತದೆ. ಕ್ಯೂಲೆಕ್ಸ್, ಈಡಿಸ್ ಸೊಳ್ಳೆಗಳ ಮರಿಹುಳು ಉಸಿರಾಟಕ್ಕಾಗಿ ನೀರಿನ ಮೇಲ್ಮೈಗೆ ಬಾಲವನ್ನು ತಾಗಿಸಿ ತಲೆಕೆಳಗಾಗಿ ಜೋತಾಡುತ್ತದೆ. ಅನಾಫಿಲಿಸಿನದು ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ನೆರಳು ಬಿದ್ದರೆ ಎಲ್ಲವೂ ತಿರುಚಿಕೊಂಡು ಕೆಳಗಿಳಿಯುತ್ತವೆ. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ದಪ್ಪ ತಲೆಯ ರೂಪವನ್ನು ಕಂಡರೆ ಅದು ಕೋಶಾವಸ್ಥೆ. ಹಾರಲು ಇನ್ನು ಒಂದೆರಡು ದಿನ ಮಾತ್ರ ಉಳಿದಿದೆಯೆಂದು ತಿಳಿಯಬೇಕು. ಕೆಂಪಗಿನ ಹುಳು ತಳದ ಕೆಸರಿನಲ್ಲಿ ಕಂಡರೆ ಗಾಬರಿ ಬೇಡ. ಅದು ಕಚ್ಚದ ಒಂದು ಬಗೆಯ ನೊರಜಿನ ಮರಿ. ಅದನ್ನೂ ಮೀನು ಪ್ರೀತಿಯಿಂದ ತಿನ್ನುತ್ತದೆ.

ಟಬ್ಬನ್ನು ಬರಿದುಮಾಡಿದಾಗ ನೀರು ಚೆಲ್ಲಿದರೆ ಕೆಲಸ ಮುಗಿಯಲಿಲ್ಲ. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಅಂಚಿಗೆ ಸ್ವಲ್ಪ ಮೇಲೆ ಗೋಡೆಗೆ ಅಂಟಿಸುತ್ತದೆ. ಅವು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮತ್ತೆ ನೀರು ತುಂಬಿದ ದಿನ ಒಡೆಯುತ್ತವೆ. ಆದಕಾರಣ ಒಳಗೋಡೆಯನ್ನು ನಾರಿನಿಂದ ಗಸಗಸನೆ ಉಜ್ಜಿ ತೊಳೆಯುವುದು ಅವಶ್ಯ.

ಸೊಳ್ಳೆಯ ಮರಿಹುಳುಗಳನ್ನು ಮಾತ್ರ ಹುಡುಕಿ ಕೊಲ್ಲುವ ಒಂದು ಬ್ಯಾಕ್ಟೀರಿಯವೂ ಇದೆ. 1976ರಲ್ಲಿ ಇಸ್ರೇಲಿನ ಮರುಭೂಮಿಯಲ್ಲಿ ಪತ್ತೆಯಾದ ಇದಕ್ಕೆ ಬಿ.ಟಿ.ಐ. ಎಂದು ಹೆಸರು. ಹೇಳಿದ ಪ್ರಮಾಣದಲ್ಲಿ ಬಳಸಿದರೆ ಮೀನಿಗೂ ನೀರುಚಿಗಟಕ್ಕೂ ಇದರಿಂದ ಬಾಧೆಯಿಲ್ಲ. ಆದರೆ ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಹಾಕುವ ಟೆಮಿಫಾಸ್ ಎಂಬ ಔಷಧಿ ನೀರುಚಿಗಟಗಳನ್ನೂ ಕೊಲ್ಲುತ್ತದೆ. ಮನೆಗೆ ಬಂದ ಆಶಾ ಕಾರ್ಯಕರ್ತೆಯಿಂದ ಟಬ್ಬನ್ನು ಬಚ್ಚಿಡಬಾರದು. ಬಟ್ಟೆ ಬಿಚ್ಚಿ ತೋರಿಸಿ, "ನೋಡ್ರಿ ಅಕ್ಕಾ, ಇದರಾಗ ಸೊಳ್ಳಿ ಇಲ್ಲ" ಎಂದು ಹೇಳಿದರೆ ಇಬ್ಬರ ಕೆಲಸವೂ ಸುಸೂತ್ರವಾಗುತ್ತದೆ.

ಮೀನೇ ಕಾವಲುಗಾರ

ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಬೆಳೆಯುವುದಿಲ್ಲ, ಮೀನು ಬೆಳೆಯಗೊಡುವುದಿಲ್ಲ. ಈ ಗುಣವನ್ನು ಜನಹಿತಕ್ಕೂ ಬಳಸಿದ್ದಾರೆ. 1928ರಲ್ಲಿ ಗ್ಯಾಂಬೂಸಿಯ ಮೀನನ್ನು ಇಟಲಿಯಿಂದ ಭಾರತಕ್ಕೆ ತರಿಸಿದ್ದು ಸೊಳ್ಳೆಯ ನಾಶಕ್ಕಾಗಿಯೇ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಮಲೇರಿಯ ಸಂಶೋಧಕರು ಬಾವಿಗಳಿಗೆ ಇಂಥ ಮೀನುಗಳನ್ನು ಬಿಟ್ಟು ಮಲೇರಿಯವನ್ನು ಹತೋಟಿಗೆ ತಂದರು. ಮನೆಯಲ್ಲಿ ಮುಚ್ಚಲಾಗದ ದೊಡ್ಡ ತೊಟ್ಟಿಯಿದ್ದರೆ ನಾಲ್ಕಾರು ಗಪ್ಪಿಗಳನ್ನು ಬಿಡುವುದು ಒಳ್ಳೆಯ ಕ್ರಮ.

ಆದರೆ ಹೆಚ್ಚಾದ ಮೀನುಗಳನ್ನು ಪಾಪನಾಶ ಕೆರೆಗೋ, ಬಹಮನಿ ಕಾಲದ ನೌಬಾದಿನ ಸುರಂಗ ಬಾವಿಗೋ ಸುರಿದು ಬರುವುದು ಸಲ್ಲದು. ಪರದೇಶದ ಗ್ಯಾಂಬೂಸಿಯ ನಮ್ಮ ನೀರಿನ ಮೀನುಗಳ ಮೊಟ್ಟೆಮರಿಗಳನ್ನೂ ತಿಂದುಹಾಕುತ್ತದೆ. ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದೆಂಬ ನಿರ್ಣಯವನ್ನು ಬಲ್ಲವರಿಗೆ ಬಿಡುವುದೇ ಮೇಲು.

ಕೊನೆಯದಾಗಿ, ಮನೆಯವರೆಲ್ಲ ಪಾಲಿಸಬಹುದಾದ ಒಂದು ಕ್ರಮವಿದೆ. ವಾರದಲ್ಲಿ ಒಂದು ದಿನವನ್ನು, ಭಾನುವಾರವೆಂದೇ ಇಟ್ಟುಕೊಳ್ಳಿ, ಇದಕ್ಕೆ ಮೀಸಲಿಡಬೇಕು. ಅಂದು ತಾಯಿ ಕೊಡ ಹಂಡೆಗಳನ್ನು ಬರಿದುಮಾಡಿ ಉಜ್ಜಿಸಲಿ. ತಂದೆ ಮಾಳಿಗೆಯ ಟಾಕಿಯ ಮುಚ್ಚಳವನ್ನೂ ಹೂಕುಂಡದ ತಟ್ಟೆಗಳನ್ನೂ ನೋಡಲಿ. ಮಕ್ಕಳು ಮೀನಿನ ಆಹಾರದ ಟಬ್ಬಿನ ಬಟ್ಟೆ ಹರಿದಿದೆಯೇ, ಜೋತಿದೆಯೇ ಎಂದು ಪರೀಕ್ಷಿಸಲಿ. ಮೊಟ್ಟೆಯಿಂದ ರೆಕ್ಕೆಯವರೆಗೆ ಸೊಳ್ಳೆಗೆ ಬೇಕಾದ ಅವಧಿ ಏಳು ದಿನಕ್ಕೆ ಕಡಿಮೆಯಿಲ್ಲವಾದ್ದರಿಂದ, ಏಳು ದಿನಕ್ಕೊಮ್ಮೆ ತಪ್ಪದೆ ನೋಡುವ ಮನೆಯಲ್ಲಿ ಅದು ರೆಕ್ಕೆ ಬಿಚ್ಚಲಾರದು. ಊರಿಗೆ ಹೋಗುವ ದಿನ ಬಂದರೆ ನೀರಿನ ಟಬ್ಬನ್ನು ಬರಿದುಮಾಡಿ ಒರಸಿಟ್ಟು, ಹಿಟ್ಟಿನ ಡಬ್ಬಿಯನ್ನು ಮಾತ್ರ ಉಳಿಸಿಕೊಳ್ಳಿ. ನೀವು ಮರಳುವಷ್ಟರಲ್ಲಿ ಅದರ ಗೋಡೆಯ ಮೇಲೆ ಹೊಸ ಹುಳುಗಳು ಹೊಳೆಯುತ್ತಿರುತ್ತವೆ.